ಎಲ್ಲರ ಗೆರೆಗಿಂತ ಕೆಳಗಿನ ಗೆರೆ

ಮಸ್ಕಿ,
೧೮ ಬಹಮನ್, ೧೩೫೦ ಫಸಲಿ

ಚಿರಂಜೀವಿ ಯಂಕೋಬನಿಗೆ ನಿನ್ನ ಅಪ್ಪ ಬರೆಯುವುದು.

ಕೆಮ್ಮು ಹೋಯಿತೋ? ನಿಮ್ಮವ್ವ ಕಳಿಸಿದ ಅಗಸಿ ಹಿಂಡಿಯನ್ನು ನೀನೇ ತಿನ್ನುತ್ತೀಯೋ, ನಿನ್ನ ಲಿಂಗಸುಗೂರಿನ ಕೋಣೆಯ ಗೆಳೆಯರು ತಿಂದು ಮುಗಿಸಿದರೋ? ಇಲ್ಲಿ ಎಲ್ಲರೂ ಕ್ಷೇಮ. ಈಗ ನಿನ್ನ ಲೋಲಕದ ಪ್ರಯೋಗ ನಮಗೆ ಎಷ್ಟಕ್ಕೆ ಬಿತ್ತು ಕೇಳು. ಸಂತೆಯ ದಿನ ಅಂಗಡಿ ಬಂದ್. ನಿಮ್ಮವ್ವನ ದಾರದ ಉಂಡೆ ಅರ್ಧ ಖಾಲಿ. ಗೋಡೆ ಕಟ್ಟುವ ಗೌಂಡಿಯನ್ನು ಬೇಡಿ ತಂದ ತೂಗುಗುಂಡು. ಬಸ್ಸಿನಲ್ಲಿ ಕುಲುಕಿ ಬಂದ ಸೊಂಟನೋವು. ನಿನ್ನ ಮೇಲಿನ ನಂಬಿಕೆಯೂ ಸ್ವಲ್ಪ ಖರ್ಚಾಗಿತ್ತು, ಮುಚ್ಚಿಡುವುದಿಲ್ಲ.

ಅಮೀನ್‌ಸಾಬ್ ಮೇಷ್ಟ್ರು ಪ್ರಯೋಗದ ವಹಿಗೆ ರುಜು ಹಾಕುತ್ತಿಲ್ಲ, ರುಜು ಇಲ್ಲದಿದ್ದರೆ ಮೆಟ್ರಿಕ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನೀನು ಬರೆದೆಯಲ್ಲ, ನಾನು ನಿನಗೆ ತಿಳಿಸದೆಯೇ ಹೋಗಿ ಅವರನ್ನು ಕಂಡೆ. ಅವರು ಉಳಿದ ಹುಡುಗರ ವಹಿಯಲ್ಲಿ ಎರಡು ಚಿತ್ರ ತೋರಿಸಿದರು. ಮೊದಲನೆಯದರಲ್ಲಿ ಅಡ್ಡಕ್ಕೆ ದಾರದ ಉದ್ದ, ಮೇಲಕ್ಕೆ ಒಂದು ಓಲಾಟದ ವೇಳೆ, ಗೆರೆ ಡೊಂಕು. ಎರಡನೆಯದರಲ್ಲಿ ಅದೇ ವೇಳೆಯನ್ನು ಅದರಿಂದಲೇ ಗುಣಿಸಿದ್ದಾರೆ, ಗೆರೆ ನೆಟ್ಟಗೆ! ನನಗೆ ಅಲ್ಲೇ ಅನುಮಾನ ಬಂತು. ಡೊಂಕಾದದ್ದನ್ನು ಗುಣಿಸಿ ನೆಟ್ಟಗೆ ಮಾಡಿದ ಗುಮಾಸ್ತನನ್ನು ನಾನು ಹಿಂದೆ ಮನೆಗೆ ಕಳಿಸಿದ್ದೇನೆ. ಹಾಗೆಂದೇ ಅಂದೆ. ಮೇಷ್ಟ್ರು ನಕ್ಕರು. “ಡೊಂಕು ಗೆರಿ ಎಂಥಾ ಡೊಂಕು ಅಂತ ಕಣ್ಣಿಗೆ ತಿಳಿಯಂಗಿಲ್ರೀ ಸಾವ್ಕಾರ್ರ. ನೆಟ್ಟಗಾತಂದ್ರ ಪಟ್ಟಿ ಇಟ್ಟು ನೋಡಬಹುದು.” ಈ ಮಾತು ಒಪ್ಪಿದೆ. ಆಮೇಲೆ ನಿನ್ನ ಗೆರೆ ತೋರಿಸಿದರು. “ಇದೂ ನೆಟ್ಟಗೇ ಐತಿ. ಆದ್ರ ಎಲ್ಲಾರ ಗೆರಿ ಒಂದ್ಕಡೆ, ಇವನ ಗೆರಿ ಅದರ ಕೆಳಗ. ಪ್ರಯೋಗ ಮಾಡದನ ಕೋಣ್ಯಾಗ ಕುಂತು ಅಂಕಿ ಬರದಾನ.”

ಬಸ್ಸಿನುದ್ದಕ್ಕೂ ಯೋಚಿಸಿದೆ. ಸುಳ್ಳು ಬರೆಯುವವನು ಪಕ್ಕದವನದನ್ನು ನೋಡಿ ಬರೆಯುತ್ತಾನೆ, ಒಬ್ಬನೇ ಯಾಕೆ ಕೆಳಗೆ ಹೋಗುತ್ತಾನೆ? ಆದರೂ ಮಗನೆಂದು ಸುಮ್ಮನೆ ನಂಬುವುದು ನನ್ನ ಜಾಯಮಾನವಲ್ಲ. ಗಡಿಯಾರ ರಿಪೇರಿಯ ಹುಸೇನಬಾಷಾನನ್ನು ಸೆಕೆಂಡು ಮುಳ್ಳಿನ ಗಡಿಯಾರದ ಸಮೇತ ಕೂರಿಸಿಕೊಂಡು, ಅಂಗಡಿಯ ತೊಲೆಗೆ ಒಂದು ಗಜ ದಾರದಲ್ಲಿ ಗುಂಡು ತೂಗಿಬಿಟ್ಟೆ. ಅವನು ಮುಳ್ಳು ನೋಡಿದ, ನಾನು ಎಣಿಸಿದೆ. ಇಪ್ಪತ್ತು ಓಲಾಟಕ್ಕೆ ಮೂವತ್ತಾರು ಸೆಕೆಂಡು. ನಿನ್ನ ವಹಿಯಲ್ಲಿ ಆ ಉದ್ದಕ್ಕೆ ಇದ್ದದ್ದೂ ಅದೇ! ಉಳಿದ ಹುಡುಗರದು ಮೂವತ್ತೆಂಟು. ಅವರೆಲ್ಲ ಒಬ್ಬರದೊಬ್ಬರು ನೋಡಿ ಬರೆದಿರಬೇಕು, ಮೇಷ್ಟ್ರು ಕಣ್ಣು ಮುಚ್ಚಿರಬೇಕು. ಸೋಮವಾರ ಬಂದು ಎಲ್ಲರೆದುರೇ ಕೇಳುತ್ತೇನೆ. ನೀನು ತಲೆ ತಗ್ಗಿಸಬೇಡ.

ನಿಮ್ಮವ್ವ ಗ್ಯಾನಮ್ಮ ರಾತ್ರಿ ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ. ನೂರು ಕಾಲ ಬಾಳು.

ನಿನ್ನ ಅಪ್ಪ,
ಗದ್ದೆಪ್ಪ

ತಾ.ಕ. ಈ ಕಾಗದ ಒಯ್ಯುವ ಬಸ್ಸಿನವನು ಹಾರ್ನ್ ಒತ್ತುತ್ತಿದ್ದಾನೆ, ಬೇಗ ಓದಿಕೋ. ಸೋಮವಾರ ನಾನು ಬರುವುದಿಲ್ಲ. ಹುಸೇನಬಾಷಾ “ಒಮ್ಮಿ ನಾನೂ ಎಣಿಸ್ತೀನಿ ತಡೀರಿ” ಎಂದು ಎಣಿಸಿದ. ಮೂವತ್ತೆಂಟು ಬಂತು! “ಲೇ, ನಿನ್ನ ಗಡಿಯಾರ ಯಾರ ಕಡೆ ಐತಿ?” ಎಂದು ರೇಗಿ, ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಎಣಿಸಿದೆವು. ಗುಂಡು ಕೈಬಿಟ್ಟ ಕೂಡಲೇ ನಾನು “ಲಾಭ” ಅಂದೆ, ಅವನು ಬಾಯಿ ಮುಚ್ಚಿಯೇ ಇದ್ದ. ಗುಂಡು ಹೋಗಿ ಬಂದಾಗ ನನ್ನದು ಎರಡು, ಅವನದು ಒಂದು. ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುತ್ತೇವಲ್ಲ, ಅಲ್ಲಿ ಸೇರು ಆಗಲೇ ತುಂಬಿರುತ್ತದೆ. ಇಲ್ಲಿ ಗುಂಡು ಇನ್ನೂ ಹೊರಟೇ ಇಲ್ಲ. ನಮ್ಮ ಇಪ್ಪತ್ತು ಅಂದರೆ ಹತ್ತೊಂಬತ್ತೇ. ನೀನೂ ನಮ್ಮ ಅಂಗಡಿಯಲ್ಲೇ ಎಣಿಕೆ ಕಲಿತವನು. ಪ್ರತಿ ಸಲವೂ ಒಂದೇ ತಪ್ಪು, ಅದಕ್ಕೇ ಗೆರೆ ನೆಟ್ಟಗೆ ಉಳಿದು ಕೆಳಗಿಳಿದಿದೆ. ವಹಿಯನ್ನು ಗುಟ್ಟಾಗಿ ತಿದ್ದಬೇಡ. ಮೇಷ್ಟ್ರ ಎದುರಿಗೇ ಗುಂಡು ಬಿಟ್ಟು, ಗಟ್ಟಿಯಾಗಿ ಎಣಿಸಿ ತೋರಿಸು. ಆಮೇಲೆ ವೇಳೆಯನ್ನು ಇಪ್ಪತ್ತರ ಬದಲು ಹತ್ತೊಂಬತ್ತರಿಂದ ಭಾಗಿಸು, ನಿನ್ನ ಗೆರೆ ಎಲ್ಲರ ಗೆರೆಗೆ ಕೂಡುತ್ತದೆ.

ಯಾರಿಗೆ ಏನು ಸಿಕ್ಕಿತೆಂದರೆ, ಉಳಿದ ಹುಡುಗರಿಗೆ ನನ್ನ ಬೈಗುಳ, ಪುಕ್ಕಟೆ. ಹುಸೇನಬಾಷಾನಿಗೆ ನಿಮ್ಮವ್ವನ ಕೈಯ ರೊಟ್ಟಿ ಊಟ. ಅಮೀನ್‌ಸಾಬರಿಗೆ ನಾನು ಬಾರದ ಸೋಮವಾರ. ನಿನಗೆ ಸಿಗಲಿರುವ ರುಜು. ನನಗೆ, ಸುಳ್ಳು ಬರೆಯದ ಮಗ.