ಮೇಲಿನ ಗೇಟು

ಮಾರ್ಚ್ 9, ಭಾನುವಾರ

ಗುಡ್ಡದ ಸೈಕಲ್ ಹಾದಿಯ ಚರಂಡಿ ಮತ್ತೆ ಕಟ್ಟಿಕೊಂಡಿತ್ತು. ಮೂರನೇ ತಿರುವಿನಲ್ಲಿ ನೀರು ಹಾದಿಯ ಮೇಲೆಯೇ ಹರಿದು ಮಣ್ಣೆಲ್ಲ ಜಲಾಶಯದ ಪಾಲು. ಬೆಳಗ್ಗೆಯಿಂದ ಗುದ್ದಲಿ ಹಿಡಿದು ಸೊಂಟ ಹೋಯಿತು. ಬಂದವರು ಬೆರಳೆಣಿಕೆಯಷ್ಟು ಜನ. ಇಳಿಜಾರಿನಲ್ಲಿ ಸೈಕಲ್ ಬಿಡಲು ಎಡಿನ್‌ಬರೋದಿಂದ ಅರ್ಧ ಊರೇ ಬರುತ್ತದೆ. ಅಗೆಯುವ ಭಾನುವಾರ ಮಾತ್ರ ಎಲ್ಲರ ಮನೆಯಲ್ಲೂ ಅತ್ತೆಗೆ ಜ್ವರ. 'ಅಗೆಯದವನು ಓಡಿಸಬಾರದು' ಎಂಬುದು ನಮ್ಮ ತಂಡದ ನೇಮ. ಹೇಳಲಿಕ್ಕೆ ಚೆಂದ.

ರಾದೆಕ್ ಬಂದಿದ್ದ. ಬೇಕರಿಯ ಪೋಲಿಷ್ ಮನುಷ್ಯ, ಬ್ಯಾಟರಿ ಸೈಕಲ್ಲಿನವನು. ಎಂದಿನಂತೆ ಎಲ್ಲರಿಗೂ ಬನ್ನು ತಂದಿದ್ದ. ಬನ್ನು ಚೆನ್ನಾಗಿತ್ತು. ಆದರೂ ಬ್ಯಾಟರಿ ಸೈಕಲ್ ಕಂಡರೆ ನನಗೆ ಮೈ ಉರಿ. ಹತ್ತುವ ಕಷ್ಟ ಬೇಡ, ಇಳಿಯುವ ಸುಖ ಬೇಕು. ಮಂಡಿ ನೋವಂತೆ. ನನಗೇನು ಮಂಡಿ ಇಲ್ಲವೇ? ದಿನವಿಡೀ ಬಸ್ಸಿನ ಬ್ರೇಕ್ ಒತ್ತುವವಳು ನಾನು.

ಹೊರಡುವಾಗ ಡೂಗಲ್ ತನ್ನ ಭಾಷಣ ಮಾಡಿದ. ಗಂಡ ಅಂತ ಹೇಳುತ್ತಿಲ್ಲ, ತಂಡ ಕಟ್ಟಿದವನು ಅವನೇ. ಗುಡ್ಡ, ಕುರಿ ಎಲ್ಲ ಎಫೀ ಹ್ಯಾಡೋ ಎಂಬವಳದು. ಈ ಹಾದಿಗೆ ಅವಳು ಒಪ್ಪಿದ್ದು ಅವನ ಕೈ ಕುಲುಕಿ, ಕಾಗದವಿಲ್ಲ ಪತ್ರವಿಲ್ಲ, ಒಂದೇ ಕರಾರು: ಗೇಟು ಕಂಡ ಹಾಗೆ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ ಹೋಗಿ, ತೆರೆದಿದ್ದರೆ ತೆರೆದೇ ಬಿಡಿ. ಕುರಿಗಳು ಈಗ ತುಂಬು ಗಬ್ಬ, ನೆನಪಿರಲಿ ಅಂದ. ಎಲ್ಲರೂ ಬಾಯಲ್ಲಿ ಬನ್ನು ಇಟ್ಟುಕೊಂಡು ತಲೆ ಆಡಿಸಿದರು.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಇದ್ದಕ್ಕಿದ್ದಂತೆ ಹಿಮ. ಮಾರ್ಚ್ ಅರ್ಧ ಕಳೆದಿದೆ, ನಾಚಿಕೆ ಬೇಡವೇ ಈ ಆಕಾಶಕ್ಕೆ. ಬಸ್ಸು ಏರಿನಲ್ಲಿ ಜಾರಿತು. ಹಿಂದಿನ ಸೀಟಿನವನೊಬ್ಬ 'ಸೈಕಲ್ಲೇ ವಾಸಿ' ಅಂದ. ಇಳಿದು ತಳ್ಳು ಅಂದೆ.

ಮನೆಗೆ ಬಂದರೆ ಡೂಗಲ್ ಆಗಲೇ ಸೂಪು ಕಾಯಿಸಿ ಇಟ್ಟಿದ್ದ. ಕಿಟಕಿಯಾಚೆ ಗುಡ್ಡ ಇದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

ಮಾರ್ಚ್ 20, ಗುರುವಾರ

ಎಫೀಯ ಕುರಿಗಳು ಸತ್ತಿವೆ. ಒಂದೆರಡಲ್ಲ.

ಹಿಮ ಬರುವ ಸುಳಿವು ಸಿಕ್ಕಿದ್ದೇ ಎಫೀ ನಮ್ಮ ಹಾದಿ ದಾಟುವ ಮೇಲಿನ ಗೇಟು ತೆರೆದಿಟ್ಟು ಬಂದಿದ್ದಳು. ಗಾಳಿ ಎದ್ದರೆ ಕುರಿಗಳು ತಾವೇ ಅದರಲ್ಲಿ ಇಳಿದು ಜಲಾಶಯದ ಪಕ್ಕದ ಪೈನ್ ತೋಪು ಸೇರುತ್ತವೆ. ಅವರಪ್ಪನ ಕಾಲದಿಂದ ಹೀಗೇ. ಈ ಸಲ ಯಾವನೋ ಆ ಗೇಟು ಮುಚ್ಚಿದ್ದಾನೆ, ಚಿಲಕ ಹಾಕಿ, ಸರಪಳಿ ಸುತ್ತಿ. ಕುರಿಗಳು ಬಂದು ಗೇಟಿಗೆ ಒತ್ತಿ ನಿಂತಿವೆ. ಅವುಗಳ ಮೇಲೆ ಹಿಮ ಬಂದು ಗೋಡೆಯ ಎತ್ತರಕ್ಕೆ ಕೂತಿದೆ. ಎಲ್ಲವೂ ಗಬ್ಬದ ಕುರಿಗಳು.

ಡೂಗಲ್ ನಿನ್ನೆ ಸುದ್ದಿ ತಿಳಿದ ಕೂಡಲೇ ಗುದ್ದಲಿ ತೆಗೆದುಕೊಂಡು ಹೋದ. ದಿನವಿಡೀ ಎಫೀ ಜೊತೆ ಅಗೆದ. ಬಂದು ಬೂಟು ಬಿಚ್ಚದೆ ಕೂತ. ನಾನು ಕೆದಕಲಿಲ್ಲ, ಕಂಡದ್ದು ಸಾಕಾಗಿತ್ತೇನೋ.

ಎಫೀ ಹೇಳಿ ಕಳಿಸಿದ್ದಾಳೆ: ಇನ್ನು ಗುಡ್ಡದ ಮೇಲೆ ಒಂದು ಚಕ್ರವೂ ಕಾಣಬಾರದು. ಕುರಿಗಳು ಮರಿ ಹಾಕುವುದು ಮುಗಿದ ಮೇಲೆ ಯಂತ್ರ ತರಿಸಿ ಹಾದಿಯನ್ನೇ ಕಿತ್ತು ಹಾಕಿಸುತ್ತಾಳಂತೆ. ವರ್ಷಗಟ್ಟಲೆ ಕೈಯಲ್ಲಿ ಮಾಡಿದ ಹಾದಿ. ಒಂದೊಂದು ಕಲ್ಲನ್ನೂ ನಾನು ಹೊತ್ತಿದ್ದೇನೆ. ಯಾವನೋ ಒಬ್ಬ ಅಡ್ಡಕಸಬಿಗೆ ಗೇಟು ಕಂಡ ಹಾಗೆ ಬಿಡಲು ಬರಲಿಲ್ಲ ಅಂತ ಎಲ್ಲ ಮಣ್ಣುಪಾಲು.

ಸಿಗಲಿ. ಅವನು ಸಿಗಲಿ.

ಮಾರ್ಚ್ 23, ಭಾನುವಾರ

ಸಿಕ್ಕ.

ಜಲಾಶಯದ ಪಾರ್ಕಿಂಗ್‌ನಲ್ಲಿ ಎಲ್ಲರೂ ಸೇರಿದ್ದರು, ಮುಂದೇನು ಅಂತ. ನಾಯಿ ಓಡಾಡಿಸುವ ಹೆಂಗಸೊಬ್ಬಳು ಮಂಗಳವಾರ ಹಿಮ ಬೀಳುವ ಮುಂಚೆ ರಾದೆಕ್‌ನನ್ನು ಇಲ್ಲೇ ನೋಡಿದ್ದಳಂತೆ, ಬ್ಯಾಟರಿ ಸೈಕಲ್ ಮೇಲೆ. ಬೇಕರಿ ಕೆಲಸ ಮುಗಿಸಿ ವಾರದ ನಡುವೆ ಒಬ್ಬನೇ ಬರುವವನು ಇನ್ಯಾರು? ನೇರ ಹೋಗಿ ಕೇಳಿದೆ. ಜಲಾಶಯದ ಸುತ್ತ ಮಾತ್ರ ಹೋಗಿದ್ದನಂತೆ, ಮೇಲೆ ಹತ್ತಲಿಲ್ಲವಂತೆ.

"ಬ್ಯಾಟರಿ ಇರೋನಿಗೆ ಮೇಲೆ ಯಾವ್ದು, ಕೆಳಗೆ ಯಾವ್ದು?" ಅಂದೆ. ಎಲ್ಲರೂ ನಕ್ಕರು.

ಆಮೇಲೆ ನಾನು ಏನೇನಂದೆ ಅಂತ ಇಲ್ಲಿ ಬರೆಯುವುದಿಲ್ಲ. ಇಡೀ ಜಲಾಶಯಕ್ಕೆ ಕೇಳಿಸಿತು. ಅವನು ಕೈಯಲ್ಲಿದ್ದ ಬನ್ನಿನ ಚೀಲವನ್ನು ಯಾರದೋ ಕಾರಿನ ಮೇಲಿಟ್ಟು ಹೋದ. ತಿನ್ನಲು ಯಾರಿಗೂ ಅಡ್ಡಿಯಾಗಲಿಲ್ಲ. ಡೂಗಲ್ ನಮಗೆ ಬೆನ್ನು ಹಾಕಿ ವ್ಯಾನಿಗೆ ಗುದ್ದಲಿ ತುಂಬುತ್ತಿದ್ದ. ಒಂದು ಮಾತಾದರೂ ಸೇರಿಸಬಾರದೇ? ಎಲ್ಲ ಜಗಳವೂ ನನ್ನ ತಲೆಗೇ.

ಸಂಜೆ ಎಫೀಗೆ ಫೋನ್ ಮಾಡಿ ಹೆಸರು ಹೇಳಿದೆ. ಮನಸ್ಸು ಹಗುರ.

ಮಾರ್ಚ್ 27, ಗುರುವಾರ

ಬೇಕರಿಯಲ್ಲಿ ಜನ ರಾದೆಕ್ ಎದುರು ಕುರಿಯ ಹಾಗೆ ಕೂಗುತ್ತಾರಂತೆ. ಬ್ರೆಡ್ ತೆಗೆದುಕೊಂಡು, ಚಿಲ್ಲರೆ ಎಣಿಸಿಕೊಂಡು, ಬಾಗಿಲಲ್ಲಿ ನಿಂತು ಬ್ಯಾ... ಅಂತ. ಡಿಪೋದಲ್ಲಿ ಹೇಳಿದರು. ನಗು ಬಂತು. ಆಮೇಲೆ ಅಷ್ಟು ಬರಲಿಲ್ಲ.

ಮಾಡಿದ್ದುಣ್ಣೋ ಮಾರಾಯ. ಕುರಿಗಳಿಗಿಂತ ಅವನಿಗೆ ಕಷ್ಟವೇ?

ಏಪ್ರಿಲ್ 4, ಶುಕ್ರವಾರ

ಬರೆದೇ ತೀರುತ್ತೇನೆ, ಇಲ್ಲದಿದ್ದರೆ ತಟ್ಟೆ ಒಡೆಯುತ್ತೇನೆ. ಒಂದು ಆಗಲೇ ಒಡೆದಿದೆ.

ಊಟದ ಹೊತ್ತಿಗೆ ಹೊಸ ಸುದ್ದಿ ಹೇಳುತ್ತಿದ್ದೆ. ರಾದೆಕ್‌ನ ಮಗಳಿಗೆ ಶಾಲೆಯಲ್ಲೂ ಬ್ಯಾ ಬ್ಯಾ ಅಂತಾರಂತೆ, ಅದು ಮಾತ್ರ ಅತಿಯಾಯಿತು ಅಂದೆ. ಡೂಗಲ್ ಫೋರ್ಕ್ ಕೆಳಗಿಟ್ಟ.

"ಮುಚ್ಚಿದ್ದು ನಾನು."

ಏನು ಮುಚ್ಚಿದ್ದು ಅಂದೆ, ಪೆದ್ದಿಯ ಹಾಗೆ.

"ಮೇಲಿನ ಗೇಟು. ಹಿಮ ಬೀಳೋಕೆ ಮುಂಚೆ ಚರಂಡಿ ನೋಡೋಣ ಅಂತ ಹೋಗಿದ್ದೆ. ಹಾರುಹೊಡೆದಿತ್ತು. ಯಾವನೋ ಸೈಕಲ್ಲಿನವನು ತೆಗೆದು ಹಾಗೇ ಹೋಗಿದ್ದಾನೆ ಅಂದ್ಕೊಂಡೆ. ಬೈಕೊಂಡು ಮುಚ್ದೆ."

"ಕಂಡ ಹಾಗೆ ಬಿಡಿ ಅಂತ ಊರಿಗೆಲ್ಲ ಹೇಳೋನು ನೀನು."

"ಎಫೀನೇ ತೆರೆದಿಟ್ಟಿರಬಹುದು ಅಂತ ಹೊಳೀಲೇ ಇಲ್ಲ ರೋನಾ."

ಹೊಳೆಯುವುದು ಹೇಗೆ? ನಾವಿಬ್ಬರೂ ಅಷ್ಟೇ. ನಮ್ಮನ್ನು ಬಿಟ್ಟು ಗುಡ್ಡ ಹತ್ತುವವರೆಲ್ಲ ನಮಗೆ ಕತ್ತೆಗಳು. ಗೇಟು ತೆರೆದಿದ್ದರೆ ಕತ್ತೆಯೇ ತೆರೆದದ್ದು.

ಅವತ್ತೇ ಯಾಕೆ ಹೇಳಲಿಲ್ಲ ಅಂದೆ. ಹೇಳಲೆಂದೇ ಗುದ್ದಲಿ ಹಿಡಿದು ಹೋಗಿದ್ದನಂತೆ. ಎಫೀ ಹಿಮದಲ್ಲಿ ಮಂಡಿಯೂರಿ ಬರಿಗೈಯಲ್ಲಿ ತೋಡುತ್ತಿದ್ದಳಂತೆ, ಬಾಯಿ ಬರಲಿಲ್ಲವಂತೆ. ಆಮೇಲೆ ನಾನು ರಾದೆಕ್ ಮೇಲೆ ಬಿದ್ದೆನಂತೆ. ಅಂದರೆ ತಪ್ಪು ನನ್ನದೇ? ಹಾಗಂತ ಅವನು ಅನ್ನಲಿಲ್ಲ. ಅಂದಿದ್ದರೆ ಇನ್ನೊಂದು ತಟ್ಟೆ ಹೋಗುತ್ತಿತ್ತು.

ಗೇಟು ಮುಚ್ಚಿದ್ದನ್ನು ಕ್ಷಮಿಸುತ್ತೇನೆ. ಆದರೆ ನಾನು ಅವನ ಕಣ್ಣೆದುರಿಗೇ ಇನ್ನೊಬ್ಬನ ಮಾನ ತೆಗೆಯುತ್ತಿದ್ದೆ, ಅವನು ಗುದ್ದಲಿ ಎಣಿಸುತ್ತಿದ್ದ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಈ ಕೋತಿಗೆ ಒರೆಸುವ ಕಷ್ಟವೂ ಇರಲಿಲ್ಲ. ಹೆಂಡತಿ ಒರೆಸಿಕೊಟ್ಟಳು.

ಏಪ್ರಿಲ್ 5, ಶನಿವಾರ

ರಾದೆಕ್ ಮನೆಗೆ ಹೋದೆ. ಮೊಣಕೈವರೆಗೆ ಹಿಟ್ಟು, ಬಾಗಿಲು ಅರ್ಧ ತೆಗೆದ. ಒಳಗೆ ಬನ್ನಿ ಅನ್ನಲಿಲ್ಲ. ತಪ್ಪಾಯಿತು, ನೀವಲ್ಲ ಅಂತ ಗೊತ್ತಾಯಿತು ಅಂದೆ. ಹಾಗಾದರೆ ಯಾರು ಅಂತ ಕೇಳಿದ. ನಾನು ಮೆಟ್ಟಿಲಿಗೆ ಬೂಟು ಉಜ್ಜಿದೆ.

ಅವನು ನನ್ನ ಮುಖದಲ್ಲೇ ಓದಿಕೊಂಡನೋ ಏನೋ.

"ಪಾರ್ಕಿಂಗ್‌ನಲ್ಲಿ ಕೂಗಿದ್ರಿ," ಅಂದ. "ಮನೆ ಬಾಗಿಲಲ್ಲಿ ಪಿಸುಗುಟ್ತಾ ಇದ್ದೀರಿ."

ಬಾಗಿಲು ಹಾಕಿದ. ಮೆಲ್ಲಗೆ ಹಾಕಿದ, ಅದೇ ಸಿಟ್ಟು ಬರಿಸಿತು. ಬಡಿದಿದ್ದರೆ ನಾನೂ ಎರಡು ಮಾತು ಆಡಿ ಬರುತ್ತಿದ್ದೆ.

ಡೂಗಲ್‌ಗೆ ಹೇಳಿದೆ: ಎಫೀ ಹತ್ತಿರ ಹೋಗು, ಆಮೇಲೆ ಎಲ್ಲರ ಮುಂದೆ ಹೇಳು. ಹೂಂ ಅಂದ. ಯಾವಾಗ ಅಂದರೆ ಒಂದೆರಡು ದಿನ ಕೊಡು ಅಂದ. ಒಂದೆರಡು ದಿನದಲ್ಲಿ ಅದೇನು ಹಣ್ಣಾಗುತ್ತದೋ.

ಏಪ್ರಿಲ್ 8, ಮಂಗಳವಾರ

ಅವನು ಹೋಗಲಿಲ್ಲ. ನಾನೇ ಹೋದೆ.

ಎಫೀ ಕೊಟ್ಟಿಗೆಯಲ್ಲಿ ತಾಯಿಯಿಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು. ಯೋಚನೆ ಮಾಡಿದಳಂತೆ. ಮೇಲಿನ ಅರ್ಧ ಹೋಯಿತು, ಅದರ ಆಸೆ ಬಿಡಿ. ಜಲಾಶಯದ ಕಡೆಯ ಕೆಳಗಿನ ಅರ್ಧ ಇಟ್ಟುಕೊಳ್ಳಿ. ಭಾನುವಾರ ಪಾರ್ಕಿಂಗ್‌ಗೆ ಬಂದು ಗಡಿ ತೋರಿಸುತ್ತಾಳಂತೆ.

"ನಿನ್ ಗಂಡನ ಮುಖ ನೋಡಿ ಬಿಡ್ತಾ ಇದ್ದೀನಿ ಕಣಮ್ಮ. ನನ್ ತಮ್ಮ ಬರಲಿಲ್ಲ, ಅಕ್ಕಪಕ್ಕದವರು ಬರಲಿಲ್ಲ. ಅವನೊಬ್ಬನೇ ಬಂದ. ಒಂದೊಂದು ಕುರೀನೂ ಎತ್ತಿ, ಮುಖದ ಹಿಮ ಒರೆಸಿ ಇಟ್ಟ. ಅಂಥ ಮನುಷ್ಯ ಒಬ್ಬ ಇದ್ದರೆ ಸಾಕು."

ಆಗ ಹೇಳಬೇಕಿತ್ತು. ಅಲ್ಲೇ, ಆಗಲೇ. ಹೇಳಿದರೆ ಕೆಳಗಿನ ಅರ್ಧವೂ ಹೋಗುತ್ತದೆ. ನಮಗೆ ಮಾತ್ರವಲ್ಲ, ಅಗೆದವರಿಗೆಲ್ಲ.

ಎಫೀ ಕೊಟ್ಟ ಮೊಟ್ಟೆ ಹಿಡಿದುಕೊಂಡು ಮನೆಗೆ ಬಂದೆ. ಥೂ.

ಡೂಗಲ್‌ನ ಮುಂದೆ ಮೊಟ್ಟೆ ಇಟ್ಟು ಎಲ್ಲ ಹೇಳಿದೆ. ಅಳುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿತು. ಒಂದೇ ಗಳಿಗೆ, ಆದರೆ ನಾನು ನೋಡಿದೆ. ಈ ಮದುವೆಯಲ್ಲಿ ಅದಕ್ಕಿಂತ ಹೇಸಿಗೆಯದನ್ನು ನಾನು ನೋಡಿಲ್ಲ.

ಏಪ್ರಿಲ್ 12, ಶನಿವಾರ

ನಾಲ್ಕು ದಿನ ಬೇರೆ ಬೇರೆ ಊಟ. ಇವತ್ತು ಅವನೇ ಬಂದು, ನಾಳೆ ಎಲ್ಲರ ಮುಂದೆ ನಾನೇ ಹೇಳುತ್ತೇನೆ, ನೀನು ಬಾಯಿ ಹಾಕಬೇಡ ಅಂದ. ಮಾತು ಕೊಡು ಅಂದೆ. ಕೊಟ್ಟ. ರಾದೆಕ್‌ಗೆ ನಾನೇ ಫೋನ್ ಮಾಡಿದೆ. ದಯವಿಟ್ಟು ಬನ್ನಿ, ಈ ಸಲ ಪಿಸುಗುಟ್ಟುವುದಿಲ್ಲ ಅಂದೆ. ಅವನು ಫೋನ್ ಇಟ್ಟ.

ಹಾದಿ ಹೋದರೆ ಹೋಗಲಿ. ಒಂದೊಂದು ಕಲ್ಲೂ ನಾನು ಹೊತ್ತದ್ದು. ಆದರೂ ಹೋಗಲಿ.

ಏಪ್ರಿಲ್ 13, ಭಾನುವಾರ, ಬೆಳಗ್ಗೆ

ಪಾರ್ಕಿಂಗ್, ವ್ಯಾನಿನ ಒಳಗೆ. ಹೊರಗಿದ್ದರೆ ಬಾಯಿ ಹಾಕುತ್ತೇನೆ, ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ಇಳಿಸಿದ್ದೇನೆ, ಎಲ್ಲ ಕೇಳಿಸುತ್ತದೆ.

ತಂಡ ಪೂರ್ತಿ ಬಂದಿದೆ. ಅಗೆಯುವ ಕೆಲಸವಿಲ್ಲವಲ್ಲ, ಯಾರ ಅತ್ತೆಗೂ ಜ್ವರವಿಲ್ಲ. ಎಫೀ ನಾಯಿ ಕರೆದುಕೊಂಡು ಬಂದು ಗೋಡೆಗೆ ಒರಗಿ ನಿಂತಿದ್ದಾಳೆ. ರಾದೆಕ್ ಬಂದಿದ್ದಾನೆ, ಮಗಳ ಕೈ ಹಿಡಿದು, ಎಲ್ಲರಿಂದ ದೂರ. ಸೈಕಲ್ ತಂದಿಲ್ಲ. ಯಾರೋ ಸಣ್ಣಗೆ ಬ್ಯಾ ಅಂದರು. ಕೆಲವರು ನಕ್ಕರು. ಮಗು ನೆಲ ನೋಡಿತು.

ಡೂಗಲ್ ಶುರು ಮಾಡಿದ. ಮೊದಲು ಎಫೀಗೆ ವಂದನೆ. ಕೆಳಗಿನ ಅರ್ಧದ ಬಗ್ಗೆ. ಚಪ್ಪಾಳೆ. ಇನ್ನೂ ಬರಲಿಲ್ಲ ಮಾತಿಗೆ.

ಈಗ ಬಂದ. ಗೇಟಿನ ವಿಷಯ. ಗಂಟಲು ಸರಿ ಮಾಡಿಕೊಂಡ. ಹೇಳು. ಹೇಳೋ.

"ನಮ್ಮಲ್ಲೇ ಯಾರೋ ಒಬ್ಬರು, ಒಳ್ಳೇ ಮನಸ್ಸಿಂದಲೇ, ಗೊತ್ತಿಲ್ದೆ ಮುಚ್ಚಿರಬಹುದು. ಯಾರು ಏನು ಅಂತ ಕೆದಕೋದು ಬೇಡ, ಇಲ್ಲಿಗೆ ಮರೆಯೋಣ..."

ಯಾರೋ ಒಬ್ಬರು. ಯಾರೋ ಒಬ್ಬರಂತೆ!

ಎಲ್ಲರೂ ರಾದೆಕ್ ಕಡೆ ತಿರುಗಿದ್ದಾರೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವರ ಮುಖ ಮಾಡಿಕೊಂಡು. ಎಫೀ ಕೂಡ. ರಾದೆಕ್ ಅವರನ್ನು ನೋಡುತ್ತಿಲ್ಲ. ಡೂಗಲ್‌ನನ್ನೂ ನೋಡುತ್ತಿಲ್ಲ. ವ್ಯಾನಿನ ಕಿಟಕಿಯನ್ನು ನೋಡುತ್ತಿದ್ದಾನೆ, ನನ್ನನ್ನು.

ಸಾಕು. ಇಳಿಯುತ್ತಿದ್ದೇನೆ. ಮುಚ್ಚಿದ್ದು ನನ್ನ ಗಂಡ ಅಂತ ಕೂಗಿಯೇ ಹೇಳುತ್ತೇ—