ದೀಕ್ಷಾ ಹೇಳಿದ್ದು

ಉಜ್ವಲಾ ಮೇಡಂ,

ಅಕ್ಷರ ಕೆಟ್ಟದಾಗಿದೆ, ತಪ್ಪುಗಳೂ ಇರಬಹುದು, ಕ್ಷಮಿಸಿ. ನಾನು ಕಲಿತದ್ದು ಐದನೇ ಕ್ಲಾಸು. ಇದನ್ನು ಕಳಿಸುವ ಧೈರ್ಯವೂ ನನಗಿಲ್ಲ.

ನೀವು ಮಣಿಪಾಲ ಬಿಟ್ಟ ಮೇಲೆ, ನಿನ್ನೆ ಕಾಪುವಿನ ಆ ಹುಡುಗಿ ದೀಕ್ಷಾಳನ್ನು ಮತ್ತೆ ನಮ್ಮ ಆಸ್ಪತ್ರೆಗೆ ತಂದರು. ಅಪ್ಪ ದೋಣಿಯ ಹುಟ್ಟಿನಿಂದ ಹೊಡೆದು ಅವಳ ಕೈ ಮುರಿದಿದ್ದಾನೆ, ಮುಂದಿನ ಹಲ್ಲುಗಳನ್ನು ಉದುರಿಸಿದ್ದಾನೆ.

ಮೊದಲ ಸಲ ಬಂದಾಗ ನಿಮ್ಮ ಕೌನ್ಸೆಲಿಂಗ್‌ನಲ್ಲಿ ಅವಳು ಅಳುತ್ತಾ ತುಳುವಿನಲ್ಲೇ ಮಾತಾಡಿದಾಗ, ಅರ್ಥ ಹೇಳಲು ನೀವು ಆಯಾ ಆದ ನನ್ನನ್ನು ಕರೆದಿರಿ. ‘ಪಪ್ಪ ಎನನ್ ಕೆರ್ಪೆರ್,’ ನನ್ನನ್ನು ಕೊಲ್ಲುತ್ತಾರೆ ಎಂದಳು. ನಾನು ‘ಪಪ್ಪ ಬೈತಾರಂತೆ’ ಎಂದೆ. ನಮ್ಮ ಊರಿನವನೇ ಆದ ಅವಳ ಅಪ್ಪ ಬಾಗಿಲ ಹೊರಗೆ ಕೂತಿದ್ದ. ನೀವು ಅವಳನ್ನು ಅವನ ಜತೆಯೇ ಕಳಿಸಿದಿರಿ.

‘ಅಕ್ಕ, ಈ ಸಲ ನಾನು ಹೇಳಿದ್ದನ್ನೇ ಹೇಳ್ತೀರಲ್ವಾ?’ ಎಂದು ನಿನ್ನೆ ಕೇಳಿದಳು. ಪೊಲೀಸರಿಗೆ ಅವಳು ಹೇಳಿದ್ದನ್ನೇ ಹೇಳಿದೆ.

ಇವತ್ತು ಬೆಳಿಗ್ಗೆ ಗಂಜಿ ಕಿವುಚಿ ಅವಳಿಗೆ ಕುಡಿಸಿದೆ.