ಕಿಟಕಿಯ ಹೊರಗೆ ನಿಂತರೆ ಸಾಕು

ಪ್ರೀತಿಯ ತಮ್ಮನಿಗೆ,

ಇಲ್ಲಿನ ಅಂಟುಜ್ವರ ನನಗೂ ಹತ್ತಿದೆ. ಅಮ್ಮನಿಗೆ ಹೇಳಬೇಡ. ಕೇಳಿದರೆ, ಅಣ್ಣನಿಗೆ ಕೈತುಂಬ ಕೆಲಸ ಅನ್ನು. ಅದು ಸುಳ್ಳೂ ಅಲ್ಲ.

ಹೋದ ವಾರ ನೀನು ಈ ಆಸ್ಪತ್ರೆಯ ಗೇಟಿನವರೆಗೆ ಬಂದಿದ್ದೆಯಂತೆ. "ನಿಮ್ಮಂಥದ್ದೇ ಮೂಗಿನ ಫಾದರ್ ಒಬ್ರು ನಿಂತಿದ್ರು, ಆಮೇಲೆ ನೋಡಿದ್ರೆ ಇಲ್ಲ" ಎಂದರು ನರ್ಸಮ್ಮ. ಅದರ ಬಗ್ಗೆ ನಾನೇನೂ ಕೇಳುವುದಿಲ್ಲ. ಆದರೆ ಈಗ ನೀನು ಬರಲೇಬೇಕು. ಇಲ್ಲಿ ಸಾಯುವವರ ಪಾಪನಿವೇದನೆಯನ್ನೆಲ್ಲ ಕೇಳಿ, ಕ್ಷಮೆಯ ಮಾತು ಹೇಳಿ ಕಳಿಸಿದವನು ನಾನೇ. ನನಗೆ ನಾನೇ ಹೇಳಿಕೊಳ್ಳುವ ಹಾಗಿಲ್ಲವಲ್ಲ, ಅದಕ್ಕೆ ಇನ್ನೊಬ್ಬ ಪಾದ್ರಿಯೇ ಬೇಕು. ಹತ್ತಿರದಲ್ಲಿ ಇರುವವನು ನೀನೊಬ್ಬನೇ.

ಒಳಗೆ ಬರಬೇಡ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡಿದ್ದೇನೆ. ಹೊರಗೆ ನಿಂತು ಕೇಳು, ಅಲ್ಲಿಂದಲೇ ಕ್ಷಮೆ ಹೇಳು. ಮುಟ್ಟಬೇಕಾಗಿಲ್ಲ. ಆ ಮೂಗನ್ನು ಮಾತ್ರ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡು ಬಾ. ತಡಮಾಡಬೇಡ, ನಿನ್ನೆಯಿಂದ ನನಗೆ ಎದ್ದು ನಿಲ್ಲಲೂ ಆಗುತ್ತಿಲ್ಲ.

ಕರೆದಾಗ ನಾನು ಓಗೊಡದಿದ್ದರೆ ಅಳುತ್ತಾ ನಿಲ್ಲಬೇಡ, ಹಿಂದಿರುಗಲೂ ಬೇಡ. ಪಕ್ಕದ ಕೋಣೆಯ ಕಿಟಕಿಗೆ ಹೋಗು. ಅಲ್ಲೊಬ್ಬ ಮುದುಕ ದರ್ಜಿ ಪಾಪನಿವೇದನೆಗೆ ಕಾಯುತ್ತಾ ಮಲಗಿದ್ದಾನೆ. ಅವನ ಕಣ್ಣು ಮಂಜಾಗಿದೆ. ನಿನ್ನೆಯಿಂದ "ಫಾದರ್, ಬಂದ್ರಾ?" ಎಂದು ಗೋಡೆಯಾಚೆಯಿಂದ ಕೂಗುತ್ತಲೇ ಇದ್ದಾನೆ. ನಾನೂ "ಬಂದೆ, ಬಂದೆ" ಅನ್ನುತ್ತಲೇ ಇದ್ದೇನೆ.

ನಮ್ಮಿಬ್ಬರ ದನಿ ಒಂದೇ ಥರ ಅಂತ ಅಮ್ಮ ಹೇಳುತ್ತಿದ್ದಳಲ್ಲ. ಅವನು ಕೂಗಿದರೆ, ಬಂದೆ ಅನ್ನು. ಮಾತು ಕೊಟ್ಟ ನಾನೇ ಬಂದೆನೆಂದುಕೊಳ್ಳಲಿ.

ದಾರಿ ಕಾಯುತ್ತಿರುವ,
ನಿನ್ನ ಅಣ್ಣ